ಗ್ಯಾಸ್ ಹೋಗಿದೆ ಕಣಣ್ಣ

ಶಿವರಾತ್ರಿ ಕಳೆಯಿತು, ಚಳಿ ಶಿವಶಿವಾ ಅನ್ನುತ್ತಾ ಊರು ಬಿಟ್ಟಿತು. ಅದರ ಬೆನ್ನಿಗೇ ನಮ್ಮ ಬೀದಿಯ ಕಾರುಗಳ ಗ್ಯಾಸೂ ಹೊರಟುಹೋಯಿತು. ಪ್ರತಿವರ್ಷ ಇದೇ ಕಥೆ, ನೀವೂ ನೋಡಿರುತ್ತೀರಿ. ಮಳೆಗಾಲ ಶುರುವಾದರೆ ಸಂಕ್ರಾಂತಿ ಮುಗಿಯುವವರೆಗೂ ಕಾರಿನಲ್ಲಿ ಏಸಿ ಗುಂಡಿ ಅಂತ ಒಂದಿದೆ ಅನ್ನುವುದೇ ಯಾರಿಗೂ ನೆನಪಿರುವುದಿಲ್ಲ. ಆಮೇಲೆ ಮಳವಳ್ಳಿ ಕಡೆ ಯಾವುದೋ ಮದುವೆ ಬರುತ್ತದೆ, ರೇಷ್ಮೆ ಸೀರೆಯವರನ್ನೆಲ್ಲ ಹಿಂದಿನ ಸೀಟಿನಲ್ಲಿ ಒತ್ತೊತ್ತಾಗಿ ಕೂರಿಸಿಕೊಂಡು ಗುಂಡಿ ಒತ್ತಿದರೆ ಮುಖಕ್ಕೆ ಬಿಸಿಗಾಳಿ. ಬಾನೆಟ್ ಎತ್ತುವುದಕ್ಕೂ ಮುಂಚೆ ತೀರ್ಪು ಬಿದ್ದಿರುತ್ತದೆ: "ಗ್ಯಾಸ್ ಹೋಗಿದೆ ಕಣಣ್ಣ." ಹೇಳಿದವರಿಗೆ ಕಾರೇ ಇಲ್ಲದಿರಬಹುದು, ಪರವಾಗಿಲ್ಲ.

ಮೊದಲು ಈ ಗೋಳೇ ಇರಲಿಲ್ಲ ಬಿಡಿ. ಬೆಂಗಳೂರಿಗೆ ಹೊರಟರೆ ಗಾಜು ಇಳಿಸಿಕೊಂಡು ಕೂತರೆ ಮುಗಿಯಿತು. ಮಂಡ್ಯದಲ್ಲಿ ಸಕ್ಕರೆ ಫ್ಯಾಕ್ಟರಿ ವಾಸನೆ, ಮದ್ದೂರಿನಲ್ಲಿ ವಡೆ ಕರಿಯುವ ಎಣ್ಣೆ ವಾಸನೆ, ಕಣ್ಣು ಮುಚ್ಚಿಕೊಂಡಿದ್ದರೂ ಯಾವ ಊರು ಅಂತ ಮೂಗು ಹೇಳುತ್ತಿತ್ತು. 2023ರ ಮಾರ್ಚ್ 12ಕ್ಕೆ ಗೆಜ್ಜಲಗೆರೆಯಲ್ಲಿ ಪ್ರಧಾನಿಯವರು ಬಂದು ದಶಪಥ ಉದ್ಘಾಟಿಸಿದರಲ್ಲ, ಅಲ್ಲಿಗೆ ಮೂಗಿನ ಕೆಲಸ ಹೋಯಿತು. ಮಂಡ್ಯವೂ ಪಕ್ಕಕ್ಕೆ, ಮದ್ದೂರೂ ಪಕ್ಕಕ್ಕೆ. ಆ ವೇಗದಲ್ಲಿ ಗಾಜು ಇಳಿಸಿದರೆ ಪಕ್ಕದಲ್ಲಿ ಕೂತವರ ಮಾತೂ ಕೇಳದು, ತಲೆಯ ಕೂದಲೂ ನಿಲ್ಲದು. ಹಾಗಾಗಿ ಏಸಿ ಈಗ ಶೋಕಿ ಅಲ್ಲ, ಸ್ಟೇರಿಂಗು, ಬ್ರೇಕು, ಏಸಿ ಅಂತ ಒಂದೇ ಉಸಿರಿನಲ್ಲಿ ಹೇಳುವಂತಾಗಿದೆ, ಅಲ್ವಾ?

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನಮ್ಮ ಪಕ್ಕದ ಮನೆ ಮೇಷ್ಟ್ರು ಮನೆಯಲ್ಲೇ ಗ್ಯಾಸ್ ತುಂಬುತ್ತೇನೆ ಅಂತ ಹೊರಟರು. ರಿಟೈರ್ ಆದ ಮೇಷ್ಟ್ರು, ಕೈ ಸುಮ್ಮನಿರಲ್ಲ. ಮಗ ಅಮೆರಿಕದಲ್ಲಿ. ಅವನು ಫೋನಿನಲ್ಲಿ, "ಅಪ್ಪಾ, ಇಲ್ಲಿ ಎಲ್ಲರೂ ಅಂಗಡಿಯಿಂದ ಡಬ್ಬಿ ತಂದು ಮನೆ ಮುಂದೆ ತಾವೇ ತುಂಬ್ಕೋತಾರೆ, ಹತ್ತು ನಿಮಿಷದ ಕೆಲಸ" ಅಂದನಂತೆ. ಅಲ್ಲಿ ಅದು ನಿಜವೇ. ಆದರೆ ಅಲ್ಲಿಯ ಡಬ್ಬಿಗೆ ತಾನೇ ಮುಚ್ಚಿಕೊಳ್ಳುವ ವಾಲ್ವ್ ಇರಬೇಕು ಅಂತ 2018ರಿಂದ ಕಾನೂನಿದೆ. ಅರ್ಧ ಹಾಕಿ ಕಿತ್ತರೆ ಉಳಿದರ್ಧ ಒಳಗೇ ಉಳಿಯುತ್ತದೆ. ನಮ್ಮಲ್ಲಿ ಸಿಗುವುದು ಬಹುಮಟ್ಟಿಗೆ ತೂತು ಹಾಕುವ ಡಬ್ಬಿ. ಮೇಲೊಂದು ತಿರುಪು ಕೂರಿಸಿ, ತಿರುಗಿಸಿ, ಸೂಜಿ ಇಳಿಸಿ ಚುಚ್ಚಬೇಕು. ಚುಚ್ಚಿದ ಮೇಲೆ ಆ ತಿರುಪನ್ನು ಕಳಚುವ ಹಾಗಿಲ್ಲ. ಕಳಚಿದರೆ ಬುಸ್ ಅಂತ ಅಷ್ಟೂ ಆಕಾಶಕ್ಕೆ.

ಮೇಷ್ಟ್ರು ಡಬ್ಬಿ ತರಿಸಿದರು. ನೀಲಿ ಪೈಪು, ಕೆಂಪು ಪೈಪು, ಎರಡು ಮೀಟರಿನ ಸೆಟ್ಟೂ ತರಿಸಿದರು. ಭಾನುವಾರ ಬೆಳಿಗ್ಗೆ ಕಾರನ್ನು ಗೇಟಿನ ಹೊರಗೆ, ಹೊಂಗೆ ಮರದ ಕೆಳಗೆ ತಂದು ನಿಲ್ಲಿಸಿ ಬಾನೆಟ್ ಎತ್ತಿದರು. ನಮ್ಮೂರಿನಲ್ಲಿ ಬಾನೆಟ್ ಎತ್ತುವುದೂ ಒಂದೇ, ಡಂಗುರ ಹೊಡೆಸುವುದೂ ಒಂದೇ. ಹಾಲು ತರಲು ಹೋಗುತ್ತಿದ್ದವರು ನಿಂತರು, ಪೇಪರ್ ಓದುತ್ತಿದ್ದವರು ಪೇಪರ್ ಸಮೇತ ಬಂದರು. ಹಿಂದಿನ ಬೀದಿಯ ನಿವೃತ್ತ ಬಸ್ ಡ್ರೈವರಣ್ಣ ಬೀಡಿ ಹಚ್ಚಿಕೊಂಡೇ ಬಂದರು. ನಾನು ಮೊದಲು ಮಾಡಿದ ಕೆಲಸ ಅಂದರೆ ಆ ಬೀಡಿ ಆರಿಸಿದ್ದು. ಈ ಗ್ಯಾಸಿಗೆ ಬೆಂಕಿ ಸುಲಭಕ್ಕೆ ಹತ್ತುವುದಿಲ್ಲ, ಸರಿ. ಆದರೆ ಉರಿಯುವ ಜಾಗಕ್ಕೆ ಹೋಗಿ ಸೇರಿತೋ, ಒಡೆದು ವಿಷದ ಹೊಗೆಯಾಗುತ್ತದೆ.

"ಅಲ್ಲ ಸಾ, ಇದುಕ್ಕೆಲ್ಲ ಮೀಟ್ರು ಯಾಕೆ? ಪೈಪ್ ಮುಟ್ ನೋಡುದ್ರೆ ಗೊತ್ತಾಯ್ತದೆ" ಅಂದರು ಡ್ರೈವರಣ್ಣ. ಅವರ ಮಾತನ್ನೂ ತೆಗೆದುಹಾಕುವಂತಿಲ್ಲ ನೋಡಿ. ಒಳಗೆ ಓಡಾಡುವ ಆರ್-134ಎ ಅನ್ನುವ ಆ ದ್ರವ ಬಯಲಿಗೆ ಬಿಟ್ಟರೆ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಕುದಿಯುವುದಕ್ಕೆ ಬೇಕಾದ ಶಾಖವನ್ನು ನಮ್ಮ ಡ್ಯಾಶ್‌ಬೋರ್ಡಿನ ಹಿಂದಿನ ಕಾಯಿಲಿನಲ್ಲಿ ಗಾಳಿಯಿಂದ ಕಿತ್ತುಕೊಳ್ಳುತ್ತದೆ, ಕಂಪ್ರೆಸರ್ ಅದನ್ನು ಹಿಂಡಿ ಮುಂದಕ್ಕೆ ತಳ್ಳುತ್ತದೆ, ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಆ ಶಾಖವನ್ನು ರಸ್ತೆಗೆ ಸುರಿದು ಮತ್ತೆ ದ್ರವವಾಗುತ್ತದೆ. ಹಾಗಾಗಿ ದಪ್ಪ ಪೈಪು ತಣ್ಣಗಿರಬೇಕು, ಸಣ್ಣ ಪೈಪು ಬಿಸಿಯಾಗಿರಬೇಕು. ಡ್ರೈವರಣ್ಣನ ಕೈಯೇ ಮೀಟರು.

ಇಲ್ಲೊಂದು ತಮಾಷೆ ಇದೆ. 1902ರ ಜುಲೈನಲ್ಲಿ ಅಮೆರಿಕದ ಬ್ರೂಕ್ಲಿನ್‌ನಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ ಅಂತ ವಿಲಿಸ್ ಕ್ಯಾರಿಯರ್ ಅನ್ನುವ ಇಪ್ಪತ್ತೈದರ ಹುಡುಗ ಮೊದಲ ಏರ್ ಕಂಡಿಷನರಿನ ನಕ್ಷೆ ಬರೆದ. ಮನುಷ್ಯರಿಗೆ ಸೆಕೆಯಾಯಿತು ಅಂತಲ್ಲ ಮತ್ತೆ! ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ, ಅದಕ್ಕೆ. ಅದಕ್ಕೆ ಕೆಲವೇ ವಾರ ಮುಂಚೆ, ಜೂನ್ ಕೊನೆಯಲ್ಲಿ, ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿದಿತ್ತು. ಸುಮಾರು ತೊಂಬತ್ತು ಮೈಲಿ ದೂರ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಅಂದರೆ ಕಾಗದಕ್ಕೆ ತಂಪು ಸಿಕ್ಕಿತು, ಚಿನ್ನಕ್ಕೆ ಕರೆಂಟು ಸಿಕ್ಕಿತು, ಮನುಷ್ಯರದು ಆಮೇಲೆ. ಮಳವಳ್ಳಿಯವರು ಪಕ್ಕದಲ್ಲೇ ಗಗನಚುಕ್ಕಿ ಇಟ್ಟುಕೊಂಡು ಎಷ್ಟು ವರ್ಷ ಬೀಸಣಿಗೆ ಬೀಸಿದರೋ.

ಕಾರಿಗೆ ಅದು ಬಂದದ್ದು ಇನ್ನೂ ತಡ. ಪ್ಯಾಕರ್ಡ್ ಅನ್ನುವ ಅಮೆರಿಕದ ಕಂಪನಿ 1940ರ ಮಾಡೆಲ್ಲಿಗೆ ಏಸಿ ಕೂರಿಸಿತು. ತಣ್ಣಗಾಗುವ ಕಾಯಿಲು ಡಿಕ್ಕಿಯಲ್ಲಿ. ಅದಿರಲಿ, ಆಫ್ ಮಾಡುವ ಗುಂಡಿಯೇ ಇರಲಿಲ್ಲ ಅಂತೀನಿ! ಸಾಕು ಅನ್ನಿಸಿದರೆ ಇಂಜಿನ್ ನಿಲ್ಲಿಸಿ, ಇಳಿದು, ಬಾನೆಟ್ ಎತ್ತಿ ಬೆಲ್ಟ್ ಕಳಚಬೇಕು. ನಮ್ಮ ಮನೆಯಾಕೆ ಮದ್ದೂರಿಗೂ ಮಂಡ್ಯಕ್ಕೂ ನಡುವೆ "ಜಾಸ್ತಿ ಮಾಡಿ, ಕಮ್ಮಿ ಮಾಡಿ" ಅಂತ ಹೇಳುವುದನ್ನು ಕೇಳಿದರೆ ಆ ಕಾರಿನ ಡ್ರೈವರು ರಾಜೀನಾಮೆ ಕೊಟ್ಟು ಹೋಗುತ್ತಿದ್ದ.

ಆಗ ಓಡಾಡುತ್ತಿದ್ದ ಗ್ಯಾಸು ಆರ್-12. ಅದನ್ನು ತಂದವನು ಥಾಮಸ್ ಮಿಜ್ಲಿ, ಪೆಟ್ರೋಲಿಗೆ ಸೀಸ ಬೆರೆಸಿದ ಮಹಾನುಭಾವನೂ ಅವನೇ. 1930ರಲ್ಲಿ ರಸಾಯನ ವಿಜ್ಞಾನಿಗಳ ಸಭೆಯಲ್ಲಿ ಆ ಬಗೆಯ ಗ್ಯಾಸನ್ನು ಎದೆ ತುಂಬ ಎಳೆದುಕೊಂಡು, ಉರಿಯುವ ಮೇಣದಬತ್ತಿಯ ಮೇಲೆ ಊದಿ ಆರಿಸಿ ತೋರಿಸಿದನಂತೆ. ವಿಷವೂ ಅಲ್ಲ, ಬೆಂಕಿಯೂ ಹತ್ತಲ್ಲ ಅಂತ. ಎರಡೂ ನಿಜ. ಅದು ಮೇಲಕ್ಕೆ ಹೋಗಿ ಓಝೋನ್ ಪದರವನ್ನು ತಿನ್ನುತ್ತದೆ ಅಂತ ಇನ್ನಿಬ್ಬರು, ಮೊಲಿನಾ ಮತ್ತು ರೋಲೆಂಡ್, 1974ರಲ್ಲಿ ಹೇಳಬೇಕಾಯಿತು. ಮಿಜ್ಲಿ ಅದನ್ನೆಲ್ಲ ನೋಡಲಿಲ್ಲ. ಪೋಲಿಯೋ ಬಂದು ಹಾಸಿಗೆ ಹಿಡಿದಾಗ ಹಾಸಿಗೆಯಿಂದ ತನ್ನನ್ನು ತಾನೇ ಎತ್ತಿಕೊಳ್ಳುವುದಕ್ಕೆ ಹಗ್ಗ, ರಾಟೆ ಕಟ್ಟಿ ಒಂದು ಯಂತ್ರ ಮಾಡಿಕೊಂಡಿದ್ದ. 1944ರಲ್ಲಿ ಅದೇ ಹಗ್ಗ ಕುತ್ತಿಗೆಗೆ ಸುತ್ತಿಕೊಂಡು ಹೋಗಿಬಿಟ್ಟ. ಏನು ಹಣೆಬರಹವೋ. ನಮ್ಮ ದೇಶದಲ್ಲಿ ಆರ್-12ರ ಕಾಲ 2010ರ ಜನವರಿಗೆ ಮುಗಿಯಿತು. ಈಗಿನ 134ಎ ಓಝೋನಿನ ತಂಟೆಗೆ ಹೋಗುವುದಿಲ್ಲ, ಆದರೆ ಭೂಮಿ ಬಿಸಿ ಮಾಡುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಜೋರು. ಸಣ್ಣ ಕಾರಿನ ನಾನೂರು ಗ್ರಾಂ ಬುಸ್ ಅಂದರೆ ಇನ್ನೂರು ಲೀಟರ್ ಪೆಟ್ರೋಲು ಸುಟ್ಟಷ್ಟು ಅಂತ ಲೆಕ್ಕ ಬರುತ್ತದೆ. ಯುರೋಪಿನವರು 2017ರಿಂದ ಹೊಸ ಕಾರುಗಳಿಗೆ ಅದು ಬೇಡವೇ ಬೇಡ ಅಂದಿದ್ದಾರೆ. ನಾವು ಇನ್ನೂ ಅದರಲ್ಲೇ ತಣ್ಣಗಿದ್ದೇವೆ.

ಮೇಷ್ಟ್ರ ಕಾರಿನ ಹತ್ತಿರ ಬಿಟ್ಟು ಎಲ್ಲಿಗೋ ಹೋದೆ, ನೋಡಿ.

ಅವರು ಪೈಪು ಸಿಕ್ಕಿಸುವ ಮೂತಿ ಹುಡುಕುತ್ತಿದ್ದರು. ಎರಡಿರುತ್ತವೆ: ಒಂದರ ಮುಚ್ಚಳದ ಮೇಲೆ ಎಲ್, ಇನ್ನೊಂದರ ಮೇಲೆ ಎಚ್. ನೀಲಿ ಪೈಪು ದಪ್ಪ ಕೊಳವೆಯ ಎಲ್‌ಗೆ. ಎಚ್ ಕಡೆಗೆ ಡಬ್ಬಿ ಕೊಟ್ಟು ವಾಲ್ವ್ ತೆಗೆದರೆ ಕಂಪ್ರೆಸರಿನ ಒತ್ತಡ ಹಿಂದಕ್ಕೆ ನುಗ್ಗಿ ಡಬ್ಬಿ ಸಿಡಿಯುತ್ತದೆ. ಪುಣ್ಯಕ್ಕೆ ಎರಡರ ಅಳತೆಯೂ ಬೇರೆ ಇಟ್ಟಿದ್ದಾರೆ, ನೀಲಿಯದು ಅಲ್ಲಿಗೆ ಕೂರುವುದಿಲ್ಲ. ಮೇಷ್ಟ್ರು ಕಣ್ಣಿಗೆ ಕನ್ನಡಕ ಹೇಗೂ ಹಾಕಿದ್ದರು, ಕೈಗೆ ಗ್ಲೌಸೂ ಹಾಕಿಸಿದೆವು. ಆ ದ್ರವ ಒಂದು ಹನಿ ಬಿದ್ದರೂ ಚರ್ಮ ಮರಗಟ್ಟುತ್ತದೆ.

ಇಂಜಿನ್ ಆಫ್ ಇದ್ದಾಗಲೇ ನೀಲಿ ಮೀಟರು ತೊಂಬತ್ತು ದಾಟಿ ನಿಂತಿತು. "ನೋಡಿ, ಗ್ಯಾಸ್ ಫುಲ್ ಇದೆ!" ಅಂದರು ಪೇಪರಿನವರು. ಇಲ್ಲೇ ಎಲ್ಲರೂ ಬೀಳುವುದು. ಅಡುಗೆ ಮನೆಯ ಸಿಲಿಂಡರಿನ ಹಾಗೆ ಇದು. ಹೊಸ ಸಿಲಿಂಡರಿನಲ್ಲಿ 14.2 ಕೆಜಿ ಇದ್ದಾಗಲೂ ಒಲೆ ಒಂದೇ ಸಮ ಉರಿಯುತ್ತದೆ, ಅರ್ಧ ಆದಾಗಲೂ ಹಾಗೇ ಉರಿಯುತ್ತದೆ, ಕೊನೆಗೆ ಮನೆಗೆ ನೆಂಟರು ಬಂದ ಹೊತ್ತಿನಲ್ಲಿ ಪಟ್ ಅಂತ ನಿಲ್ಲುತ್ತದೆ. ಒಳಗೆ ಒಂದಿಷ್ಟು ದ್ರವ ಉಳಿದಿರುವವರೆಗೂ ಒತ್ತಡ ಹೇಳುವುದು ಅವತ್ತಿನ ಸೆಕೆಯನ್ನು, ಉಳಿದ ಗ್ಯಾಸನ್ನಲ್ಲ. ಎಷ್ಟಿದೆ ಅಂತ ಗೊತ್ತಾಗಬೇಕಾದರೆ ತೂಕವೇ ಗತಿ. ಕಾರನ್ನು ಎತ್ತಿ ತಕ್ಕಡಿಯ ಮೇಲೆ ಇಡಲಾಗುತ್ತದಾ? ಅದಕ್ಕೇ ಪಳಗಿದ ಮೆಕ್ಯಾನಿಕ್‌ಗಳು ಹಳೆಯದನ್ನೆಲ್ಲ ಮಿಷಿನ್ನಿಗೆ ಎಳೆದುಕೊಂಡು, ವ್ಯಾಕ್ಯೂಮ್ ಪಂಪು ಹಾಕಿ ಅರ್ಧ ಗಂಟೆ ಒಳಗಿನ ಗಾಳಿ, ತೇವ ಎಲ್ಲ ಹೀರಿಸಿ, ಬಾನೆಟ್ಟಿನ ಒಳಗೆ ಅಂಟಿಸಿರುವ ಚೀಟಿ ನೋಡಿ ಅಷ್ಟೇ ಗ್ರಾಂ ತೂಗಿ ತುಂಬುತ್ತಾರೆ.

ಮೇಷ್ಟ್ರ ಕಾರಿನ ಚೀಟಿಯಲ್ಲಿ ಬರೆದಿದ್ದ ತೂಕವೂ ನಾನೂರರ ಆಸುಪಾಸು. ಕೈಯಲ್ಲಿದ್ದ ಡಬ್ಬಿ 450 ಗ್ರಾಂ. ಒಳಗೆ ಆಗಲೇ ಇರುವ ಕಾರಿಗೆ ಅಷ್ಟೂ ಸುರಿದರೆ ಏನಾಗುತ್ತದೆ ಹೇಳಿ? ಜಾಸ್ತಿ ಹಾಕಿದರೆ ಜಾಸ್ತಿ ತಂಪು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಂಡೆನ್ಸರಿನಲ್ಲಿ ದ್ರವ ತುಂಬಿಕೊಂಡು ಜಾಗ ಸಾಲದೆ ಒತ್ತಡ ಏರುತ್ತದೆ, ತಂಪು ಇಳಿಯುತ್ತದೆ, ಪಾಪದ ಕಂಪ್ರೆಸರು ಏದುಸಿರು ಬಿಡುತ್ತದೆ. ನಮ್ಮ ಕಡೆ ಪಾಯಸಕ್ಕೆ ಬೆಲ್ಲ ಮುಂದಾದರೆ ಯಾರೂ ಬೈಯುವುದಿಲ್ಲ. ಆ ಅಭ್ಯಾಸ ಇಲ್ಲಿಗೂ ತಂದುಬಿಡುತ್ತೇವೆ.

ಬೆಲ್ಲ ಅಂದಾಗ ಜ್ಞಾಪಕ ಬಂತು. ಆಲೆಮನೆಯಲ್ಲೇ ಸಕ್ಕರೆ ಬೆರೆಸಿ, ಬಣ್ಣ ಹಾಕಿ ಬೆಲ್ಲ ಮಾಡುವ ಕಾಲದಲ್ಲಿ ಈ ಗ್ಯಾಸಿನ ಡಬ್ಬಿಯೊಳಗೆ ಏನಿದೆ ಅಂತ ಯಾರು ಕಂಡಿದ್ದಾರೆ? ಜಗತ್ತಿನಲ್ಲೆಲ್ಲ ಇದರ ಕಲಬೆರಕೆ ನಡೆಯುತ್ತದೆ. ಅಡುಗೆ ಗ್ಯಾಸಿನ ಜಾತಿಯದನ್ನು ಬೆರೆಸುವವರಿದ್ದಾರೆ, ಅದು ತಣ್ಣಗೇನೋ ಮಾಡುತ್ತದೆ, ಸೋರಿದರೆ ಹತ್ತಿಕೊಳ್ಳುತ್ತದೆ. 2011ರಲ್ಲಿ ವಿಯೆಟ್ನಾಂನಲ್ಲಿ ಕಲಬೆರಕೆ ಗ್ಯಾಸ್ ತುಂಬಿಸಿಕೊಂಡ ಹಡಗಿನ ಶೀತಲ ಕಂಟೇನರುಗಳು ಆಮೇಲೆ ಸಿಡಿದು ಜನ ಸತ್ತರು. ಅದರಲ್ಲಿ ಬೆರೆತದ್ದು ಅಲ್ಯುಮಿನಿಯಂ ಜೊತೆ ಸೇರಿ ಕಿತಾಪತಿ ಮಾಡುವ ಪದಾರ್ಥ. ಕರಿ ಬೆಲ್ಲವನ್ನು ಬಣ್ಣ ನೋಡಿ, ನಾಲಿಗೆಗೆ ಹಚ್ಚಿ ಕಂಡುಹಿಡಿಯುವ ನಮ್ಮವರಿಗೆ ಈ ಡಬ್ಬಿಯ ಮುಂದೆ ಯಾವ ವಿದ್ಯೆಯೂ ನಡೆಯದು.

ಅಷ್ಟರಲ್ಲಿ ಮೇಷ್ಟ್ರ ಮನೆಯವರು ಲೋಟಗಳಲ್ಲಿ ಮಜ್ಜಿಗೆ ಹಿಡಿದುಕೊಂಡು ಬಂದರು. ಮೇಷ್ಟ್ರು ಇಂಜಿನ್ ಸ್ಟಾರ್ಟ್ ಮಾಡಿ, ಏಸಿ ಹಾಕಿ, ಡಬ್ಬಿಯ ತಿರುಪಿಗೆ ಕೈ ಇಟ್ಟಿದ್ದರು. ಕಂಪ್ರೆಸರಿನ ಕ್ಲಚ್ಚು ಟಕ್ ಅಂತ ಹಿಡಿಯಿತು. ಅದು ಹಿಡಿದ ಮೇಲೆ ಗ್ಯಾಸ್ ಪೂರ್ತಿ ಖಾಲಿಯಂತೂ ಅಲ್ಲ. ಖಾಲಿಯಾಗಿದ್ದರೆ ಒಳಗಿನ ಸ್ವಿಚ್ಚು ಕಂಪ್ರೆಸರನ್ನು ತಿರುಗಲು ಬಿಡುವುದೇ ಇಲ್ಲ. ಇದನ್ನು ಯಾರಿಗೆ ಹೇಳಲಿ, ಎಲ್ಲರೂ ಮೀಟರಿನ ಮುಳ್ಳು ನೋಡುತ್ತಿದ್ದಾರೆ. ಆಯಮ್ಮ ಮಾತ್ರ ಮೀಟರು ನೋಡಲಿಲ್ಲ.

"ರೀ, ಆ ಫ್ಯಾನು ತಿರುಗ್ತಾನೇ ಇಲ್ವಲ್ಲ?"

ಎಲ್ಲರೂ ಬಗ್ಗಿ ನೋಡಿದೆವು. ನಿಜ, ರೇಡಿಯೇಟರಿನ ಹಿಂದಿನ ಫ್ಯಾನು ಕಲ್ಲಾಗಿ ಕೂತಿದೆ. ಏಸಿ ಹಾಕಿದರೆ ಅದು ತಿರುಗಬೇಕು ತಾನೇ?

ಆಗ ಮೇಷ್ಟ್ರಿಗೆ ಒಂದೊಂದೇ ಹೊಂದಿಕೊಂಡಿತು. ದಶಪಥದಲ್ಲಿ ಹೋಗುವಾಗ ಏಸಿ ಹಿಮದಷ್ಟು ತಂಪಂತೆ, ಇಳಿದು ಮದ್ದೂರು ಪೇಟೆಯೊಳಗೆ ನಿಂತರೆ ಬಿಸಿಯಂತೆ. ಕೆ.ಎಂ. ದೊಡ್ಡಿ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವಾಗಲಂತೂ ಗಾಜು ಇಳಿಸಲೇಬೇಕಂತೆ. ಅಲ್ಲ, ಇಷ್ಟು ಹೇಳಿದ ಮೇಲೆ ಗ್ಯಾಸಿನ ಮಾತು ಎಲ್ಲಿಂದ ಬಂತು? ಓಡುವಾಗ ರಸ್ತೆಯ ಗಾಳಿಯೇ ಕಂಡೆನ್ಸರನ್ನು ತಣಿಸುತ್ತದೆ, ನಿಂತಾಗ ಫ್ಯಾನೇ ತಣಿಸಬೇಕು. ಫ್ಯಾನು ಸತ್ತಿರುವ ಕಾರಿಗೆ ಇನ್ನಷ್ಟು ಗ್ಯಾಸು ತುಂಬಿದ್ದರೆ ಮೊದಲೇ ಏರಿದ್ದ ಒತ್ತಡ ಇನ್ನೂ ಏರುತ್ತಿತ್ತು.

ಬಂಪರಿನ ಜಾಲರಿಯೊಳಗೆ ಟಾರ್ಚು ಬಿಟ್ಟು ನೋಡಿದರೆ ಅಲ್ಲೊಂದು ಹುರುಳಿ ಕಣವೇ ಇತ್ತು. ಸಂಕ್ರಾಂತಿ ಆಸುಪಾಸಿನಲ್ಲಿ ಮಳವಳ್ಳಿ ರಸ್ತೆಯಲ್ಲಿ ಹೋಗಿದ್ದೀರಲ್ಲ? ರಾಗಿ, ಹುರುಳಿ ಎಲ್ಲ ಟಾರಿನ ಮೇಲೆ. ಒಕ್ಕಣೆಗೆ ಎತ್ತು ಬೇಡ, ರೋಣಗಲ್ಲು ಬೇಡ, ಹೋಗಿ ಬರುವ ಕಾರುಗಳೇ ಸಾಕು. ಪಕ್ಕದಲ್ಲಿ ಮೊರ ಹಿಡಿದು ನಿಂತ ಅಜ್ಜಿ ನಾವು ಪಕ್ಕಕ್ಕೆ ತಪ್ಪಿಸಿಕೊಂಡು ಹೋದರೆ ಮುಖ ಸಿಂಡರಿಸುತ್ತದೆ, ಮೇಲೆ ಹತ್ತಿಸಿದರೆ "ಒಳ್ಳೇದಾಗ್ಲಪ್ಪ" ಅನ್ನುತ್ತದೆ. ಹರಸಿಕೊಂಡು ಬಂದದ್ದರ ಜೊತೆ ಹುರುಳಿ ಬಳ್ಳಿಯೂ ಬರುತ್ತದೆ. ಕಾರಿನಡಿಗೆ ಸುತ್ತಿಕೊಂಡು, ಸೈಲೆನ್ಸರಿನ ಬಿಸಿಗೆ ಹತ್ತಿ, ಕಾರೇ ಸುಟ್ಟುಹೋದ ಸುದ್ದಿ ಹೆಚ್ಚುಕಡಿಮೆ ಪ್ರತಿ ಸುಗ್ಗಿಯಲ್ಲೂ ಕೇಳುತ್ತೇವಲ್ಲ. ಮೇಷ್ಟ್ರ ಕಾರಿನಲ್ಲಿ ಅಷ್ಟಾಗಿರಲಿಲ್ಲ, ಹೊಟ್ಟು, ದೂಳು, ಒಣ ಸೋಗೆಯ ಚೂರು ಎಲ್ಲ ಸೇರಿ ಕಂಡೆನ್ಸರಿಗೆ ಒಂದು ಕಂಬಳಿ ಹೊದಿಸಿದ್ದವು. ಅದರ ಹಿಂದೆ ಫ್ಯಾನಿಗೆ ಹೋಗುವ ವೈರನ್ನು ಇಲಿ ಸಲೀಸಾಗಿ ಕತ್ತರಿಸಿಟ್ಟಿತ್ತು. ಹಿತ್ತಲಾಚೆಗೇ ಕಬ್ಬಿನ ಗದ್ದೆ. ಕಟಾವಾದ ಮೇಲೆ ಅವಾದರೂ ಎಲ್ಲಿಗೆ ಹೋಗಬೇಕು, ಬೆಚ್ಚಗಿನ ಇಂಜಿನ್ನು ಬಿಟ್ಟು?

ಡ್ರೈವರಣ್ಣ ಅಲ್ಲೇ ವೈರ್ ಸುಲಿದು ಜೋಡಿಸಿ ಟೇಪ್ ಸುತ್ತಿದರು. ಕಂಡೆನ್ಸರನ್ನು ಗಿಡಕ್ಕೆ ನೀರು ಬಿಡುವ ಪೈಪಿನಲ್ಲೇ ಮೆಲ್ಲಗೆ ತೊಳೆದದ್ದಾಯಿತು. ಜೋರಾಗಿ ಬಿಟ್ಟರೆ ಆ ತೆಳು ರೆಕ್ಕೆಗಳೆಲ್ಲ ಮಡಚಿಕೊಳ್ಳುತ್ತವೆ. ಗಾಜು ಏರಿಸಿ ಕೂತರೆ, ಮೇಷ್ಟ್ರ ಕನ್ನಡಕ ಮಂಜಾಗುವಷ್ಟು ತಂಪು.

ನಿಜವಾಗಿ ಗ್ಯಾಸ್ ಹೋಗುವುದೇ ಇಲ್ಲವಾ ಅಂತ ಕೇಳಿದರೆ, ಹೋಗುತ್ತೆ. ರಬ್ಬರ್ ಪೈಪಿನ ಮೂಲಕ ವರ್ಷಕ್ಕೆ ಒಂಚೂರು ಹೋಗುವುದು ಸಹಜ. ಆದರೆ ಅದು ಉರಿದು ಮುಗಿಯುವ ಪೆಟ್ರೋಲಲ್ಲ, ಅಲ್ಲೇ ಸುತ್ತುತ್ತಿರುವಂಥದು. ಒಂದು ಬೇಸಿಗೆಯಲ್ಲೇ ಖಾಲಿಯಾಯಿತು ಅಂದರೆ ಎಲ್ಲೋ ತೂತಿದೆ. ಜಾಯಿಂಟಿನ ಓ-ರಿಂಗು ಒಣಗಿ ಬಿರಿದಿರುತ್ತದೆ, ಇಲ್ಲವೇ ಆ ಎಲ್, ಎಚ್ ಮೂತಿಯೊಳಗಿನ ಪಿನ್ನೇ ಸೋರುತ್ತಿರುತ್ತದೆ, ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ತೂತು ಮುಚ್ಚದೆ ಡಬ್ಬಿ ಮೇಲೆ ಡಬ್ಬಿ ಹಾಕುವವರಿಗೆ ಡಬ್ಬಿ ಮಾರುವವರ ಆಶೀರ್ವಾದ ಸದಾ ಇರುತ್ತದೆ. ಗ್ಯಾಸಿನ ಜೊತೆಗೇ ಕಂಪ್ರೆಸರಿನ ಎಣ್ಣೆಯೂ ಓಡಾಡುತ್ತದಲ್ಲ, ಏಸಿಯನ್ನು ತಿಂಗಳುಗಟ್ಟಲೆ ಹಾಕದಿದ್ದರೆ ಆ ಎಣ್ಣೆ ಸೀಲುಗಳವರೆಗೆ ಹೋಗದೆ ಅವು ಒಣಗುತ್ತವೆ. ಅಂದರೆ ಗ್ಯಾಸು ಉಳಿಯಲಿ ಅಂತ ಚಳಿಗಾಲವೆಲ್ಲ ಗುಂಡಿ ಮುಟ್ಟದ ನಮ್ಮ ಬೀದಿಯ ಜಾಣರೇ ಗ್ಯಾಸು ಹೊರಗೆ ಬಿಡುವವರು. ವಾರಕ್ಕೊಂದು ದಿನ, ಧನುರ್ಮಾಸದ ಚಳಿಯಲ್ಲೂ, ಐದು ನಿಮಿಷ ಹಾಕಿ ಅಂದರೆ ನನ್ನನ್ನೇ ಒಂದು ಥರ ನೋಡುತ್ತಾರೆ.

ಡಬ್ಬಿಗೆ ಮೇಷ್ಟ್ರು ಕೊನೆಗೂ ತೂತು ಹಾಕಲಿಲ್ಲ. ವರಾಂಡದ ಕಪಾಟಿನಲ್ಲಿ, ಬಿಸಿಲು ಬೀಳದ ಕಡೆ ನಿಂತಿದೆ. ಮಗ ಫೋನ್ ಮಾಡಿ "ಅಪ್ಪಾ, ತುಂಬಿಸಿದ್ರಾ?" ಅಂತ ಕೇಳಿದ್ದಕ್ಕೆ ಇವರು, "ಹೂಂ ಕಣೋ, ಈಗ ಸಖತ್ ತಂಪು" ಅಂದರಂತೆ. ಸುಳ್ಳೇನೂ ಅಲ್ಲ, ತಂಪಂತೂ ಇದೆಯಲ್ಲ. ಆದರೆ ದುಡ್ಡು ಕೊಟ್ಟು ತಂದ ಡಬ್ಬಿ ದಿನಾ ಕಣ್ಣಿಗೆ ಬೀಳುತ್ತದೆ ನೋಡಿ, ಕೈ ತುರಿಸುತ್ತದೆ. ನಿನ್ನೆ ಸಂಜೆ ಕಾಂಪೌಂಡಿನ ಮೇಲಿಂದ ಬಗ್ಗಿ ನನ್ನ ಕಾರಿನ ಕಡೆ ನೋಡುತ್ತಾ ಕೇಳಿದರು:

"ನಿಮ್ಮದರಲ್ಲಿ ಏಸಿ ಹೆಂಗಿದೆ?"

"ಚೆನ್ನಾಗಿದೆ ಮೇಷ್ಟ್ರೇ."

"ಅಲ್ಲ... ಮೊದಲಿಗಿಂತ ಒಂಚೂರು ಕಮ್ಮಿ ಅನ್ನಿಸೋಲ್ವಾ?"